ಚರ್ಚೆ: ‘ಮಂದಾರ್’ ಎಂದರೆ ಕೈಗೊಪ್ಪಿಸುವುದೋ, ಅಪ್ಪಣೆ ಮಾಡುವುದೋ?

ನಾಗಂದಿಗೆ

ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಕಳೆದ ವಾರ ಮ್ಯಾಡ್ರಿಡ್‌ನಿಂದ ಮೈಸೂರಿಗೆ ಮರಳಿದೆ. ಬರುವಾಗ ಒಂದು ಸ್ಪ್ಯಾನಿಶ್ ಕ್ರಿಯಾಪದವನ್ನು ತಲೆಯಲ್ಲಿ ಹೊತ್ತು ತಂದಿದ್ದೇನೆ: ಮಂದಾರ್. ನಮ್ಮ ಮಂದಾರ ಹೂವಿಗೂ ಇದಕ್ಕೂ ಸಂಬಂಧವಿಲ್ಲ.

ಮೊಮ್ಮಗ ಟಿವಿ ರಿಮೋಟ್ ಸಿಗದೆ ಸೋಫಾದ ದಿಂಬುಗಳನ್ನೆಲ್ಲ ಎತ್ತಿ ಹಾಕುತ್ತಾ ‘ದೋಂದೆ ಎಸ್ತಾ ಎಲ್ ಮಾಂದೊ?’ ಎಂದು ಕೂಗುತ್ತಾನೆ. ಸ್ಪೇನಿನಲ್ಲಿ ರಿಮೋಟಿಗೆ ‘ಮಾಂದೊ’ ಎನ್ನುತ್ತಾರೆ. ಅಧಿಕಾರಕ್ಕೂ ಅದೇ ಮಾತು. ಮಗಳು ಗೆಳತಿಗೆ ‘ಮಾಂದಮೆ ಲಾ ಫೋತೊ’ ಎನ್ನುತ್ತಾಳೆ, ಫೋಟೊ ಕಳುಹಿಸು ಎಂದು. ಕೆಳಗಿನ ಹಣ್ಣಿನಂಗಡಿಯವನು ಮಗನಿಗೆ ‘ಆಕಿ ಮಾಂದೊ ಯೋ’ ಎಂದು ಗದರಿಸುತ್ತಾನೆ: ಇಲ್ಲಿ ನಡೆಯುವುದು ನನ್ನ ಮಾತು.

ಆಳುವುದಕ್ಕೂ ಕಳುಹಿಸುವುದಕ್ಕೂ ಒಂದೇ ಪದ! ಪೋರ್ಚುಗೀಸಿನಲ್ಲೂ ಹಾಗೆಯೇ. ಇಟಾಲಿಯನ್‌ಗೆ ಬಂದರೆ ‘ಮಂದಾರೆ’ ಕಳುಹಿಸುವುದಕ್ಕೆ ಮೀಸಲು. ಅಪ್ಪಣೆ ಮಾಡಲು ‘ಕೊಮಂದಾರೆ’ ಬೇಕು. ಫ್ರೆಂಚಿನ ‘ಮಾಂದೇ’ ಹಳತಾಗಿ ಮೂಲೆ ಸೇರಿದೆ, ‘ಕೊಮಾಂದೇ’ ಬದುಕಿದೆ. ಎಲ್ಲಕ್ಕೂ ತಾಯಿ ಲ್ಯಾಟಿನ್ನಿನ ಮಂದಾರೆ. ಅದನ್ನು ಬಿಡಿಸಿದರೆ ಮನುಸ್ ಮತ್ತು ದಾರೆ. ಮನುಸ್ ಎಂದರೆ ಕೈ. ದಾರೆ ಎಂದರೆ ಕೊಡುವುದು, ನಮ್ಮ ‘ದಾನ’ದ ಬಂಧು. ಕೈಗೆ ಕೊಡುವುದು, ಒಪ್ಪಿಸುವುದು. ಆದ್ದರಿಂದ ನನ್ನ ವಾದ ಇಷ್ಟು: ಈ ಸೋದರ ನುಡಿಗಳಲ್ಲಿ ಆಳುವುದಕ್ಕಿರುವ ಪದದ ಹುಟ್ಟಿನಲ್ಲಿ ದರ್ಪವಿಲ್ಲ, ನಂಬಿಕೆಯಿದೆ. ಅಧಿಕಾರವೆಂದರೆ ಇನ್ನೊಬ್ಬರು ನಮ್ಮ ಕೈಗಿತ್ತದ್ದು. ಬಲ್ಲವರು ಏನನ್ನುತ್ತೀರಿ?

ಧಾರವಾಡದ ಕರಿಕೋಟು

‘ದರ್ಪವಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೂವತ್ತು ವರ್ಷಗಳಿಂದ ಇದೇ ಪದದ ಮೇಲೆ ಹೊಟ್ಟೆ ಹೊರೆಯುತ್ತಿದ್ದೇನೆ. ಸಂವಿಧಾನದ 226ನೇ ವಿಧಿಯ ಅಡಿ ಹೈಕೋರ್ಟು ಹೊರಡಿಸುವ ಮ್ಯಾಂಡಮಸ್ ರಿಟ್ ಎಂದರೇನು? ‘ಮಂದಾಮುಸ್’, ನಾವು ಆಜ್ಞಾಪಿಸುತ್ತೇವೆ. ಕನ್ನಡದಲ್ಲಿ ಪರಮಾದೇಶ ಎನ್ನುತ್ತೇವೆ. ಬರೀ ಆದೇಶವೂ ಅಲ್ಲ, ಪರಮಾದೇಶ! ಕಚೇರಿಯಲ್ಲಿ ಕಡತದ ಮೇಲೆ ಕುಳಿತ ಅಧಿಕಾರಿಯನ್ನು ಎಬ್ಬಿಸಿ ಕೆಲಸ ಮಾಡಿಸುವ ಅಸ್ತ್ರ ಅದು. ಅಲ್ಲಿ ಯಾರೂ ಯಾರ ಕೈಗೂ ಪ್ರೀತಿಯಿಂದ ಏನನ್ನೂ ಕೊಡುವುದಿಲ್ಲ.

ಕೊಡಿಯಾಲ್‌ಬೈಲ್

ವಕೀಲರೇ, ‘ನಾವು ಆಜ್ಞಾಪಿಸುತ್ತೇವೆ’ ಎಂಬುದು ಇಂಗ್ಲೆಂಡಿನ ಕೋರ್ಟುಗಳು ರೋಮ್ ಅಳಿದ ಎಷ್ಟೋ ಶತಮಾನಗಳ ಮೇಲೆ ಬಳಸಿಕೊಂಡ ಲ್ಯಾಟಿನ್. ಅದನ್ನು ಹಿಡಿದು ಮೂಲವನ್ನು ಅಳೆಯಬೇಡಿ. ನಾನು ಸೆಮಿನರಿಯಲ್ಲಿ ನಾಲ್ಕು ವರ್ಷ ಲ್ಯಾಟಿನ್ ಓದಿ, ಪಾದ್ರಿಯಾಗದೆ ಹೊರಬಂದವನು. ಪಾದ್ರಿತನ ಬಿಟ್ಟರೂ ಭಾಷೆ ಬಿಟ್ಟಿಲ್ಲ.

ರೋಮನ್ ಕಾನೂನಿನಲ್ಲಿ ‘ಮಂದಾತುಂ’ ಎಂಬ ಒಪ್ಪಂದವಿತ್ತು. ನಾನು ನಿಮಗೊಂದು ಕೆಲಸ ವಹಿಸುತ್ತೇನೆ, ನೀವು ಸಂಬಳವಿಲ್ಲದೆ ಮಾಡಿಕೊಡುತ್ತೀರಿ. ಸಂಬಳ ಪಡೆದರೆ ಅದು ಮಂದಾತುಂ ಅಲ್ಲ, ಕೂಲಿ ಒಪ್ಪಂದ. ನ್ಯಾಯಶಾಸ್ತ್ರಜ್ಞ ಪೌಲುಸ್‌ನ ಮಾತು 533ರಲ್ಲಿ ಸಂಕಲಿಸಿದ ರೋಮನ್ ಕಾನೂನು ಸಂಗ್ರಹ ಡೈಜೆಸ್ಟ್‌ನಲ್ಲಿದೆ: ಬಿಟ್ಟಿಯಲ್ಲದ ಮಂದಾತುಂ ಮಂದಾತುಮೇ ಅಲ್ಲ, ಏಕೆಂದರೆ ಅದರ ಮೂಲ ಕರ್ತವ್ಯ ಮತ್ತು ಗೆಳೆತನ. ಗೆಳೆತನ! ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಕಳುಹಿಸುವ ಅರ್ಥ ಹೇಗೆ ಬಂತೆಂದೂ ನೋಡಿ. ಕ್ರಿ.ಪೂ. 58ರಲ್ಲಿ ಸೀಸರ್ ಜರ್ಮನಿಕ್ ದೊರೆ ಆರಿಯೊವಿಸ್ತುಸ್‌ನ ಬಳಿಗೆ ಇಬ್ಬರು ದೂತರನ್ನು ಅಟ್ಟಿದ. ಅವನು ಏನು ಹೇಳುತ್ತಾನೋ ತಿಳಿದುಕೊಂಡು ಬನ್ನಿ ಎಂದು ಅವರಿಗೆ ‘ಮಂದಾವಿತ್’, ಅಂದರೆ ಕೆಲಸ ವಹಿಸಿದ. ಕೆಲಸ ವಹಿಸಿದವನು ಆಳನ್ನು ಕಳುಹಿಸಲೇಬೇಕಲ್ಲ. ವಹಿಸುವುದೂ ಕಳುಹಿಸುವುದೂ ಒಂದೇ ಉಸಿರಿನ ಕೆಲಸವಾದವು. ನೆನಪಿನಲ್ಲಿ ಇಟ್ಟುಕೊಳ್ಳುವುದಕ್ಕೂ ರೋಮನ್ನರು ನೆನಪಿಗೆ ಮಂದಾರೆ ಮಾಡುವುದು ಎನ್ನುತ್ತಿದ್ದರು. ನೆನಪಿಗೆ ಯಾರಾದರೂ ಹುಕುಂ ಮಾಡುತ್ತಾರೆಯೇ? ಒಪ್ಪಿಸುತ್ತಾರೆ.

ನಮ್ಮ ಪವಿತ್ರ ಗುರುವಾರದ ಪೂಜೆಯಲ್ಲಿ ಪಾದ್ರಿ ಹನ್ನೆರಡು ಮಂದಿಯ ಪಾದ ತೊಳೆಯುವ ಆಚರಣೆಯಿದೆ. ಅದರ ಹೆಸರೇ ಮಂದಾತುಂ. ‘ಮಂದಾತುಂ ನೋವುಂ’, ಹೊಸ ಆಜ್ಞೆಯನ್ನು ಕೊಡುತ್ತೇನೆ, ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂಬ ಯೋಹಾನನ ಸುವಾರ್ತೆಯ ಮಾತು ಅದು. ಪಾದ ತೊಳೆಯುವವನ ಬಾಯಿಂದ ಬಂದ ಪದ.

ಧಾರವಾಡದ ಕರಿಕೋಟು

‘ಹೊಸ ಆಜ್ಞೆ’ ಎಂದು ನೀವೇ ಅನುವಾದಿಸಿದ್ದೀರಿ. ‘ಹೊಸ ಗೆಳೆತನ’ ಎನ್ನಲಿಲ್ಲ. ವಾದ ಅಲ್ಲಿಗೆ ಮುಗಿಯಿತು.

ರೋಮ್ ಬೇಕೆಂದರೆ ರೋಮನ್ನೇ ಕೊಡುತ್ತೇನೆ. ಚಕ್ರವರ್ತಿಗಳು ಪ್ರಾಂತ್ಯಾಧಿಕಾರಿಗಳಿಗೆ ಕಳುಹಿಸುತ್ತಿದ್ದ ಆದೇಶಗಳ ಹೆಸರೇನು? ಮಂದಾತ. ಇಂದಿನ ಟರ್ಕಿಯಲ್ಲಿದ್ದ ಬಿಥೂನಿಯಾ ಪ್ರಾಂತ್ಯದ ಅಧಿಕಾರಿಯಾಗಿದ್ದ ಪ್ಲಿನಿ, ಚಕ್ರವರ್ತಿ ತ್ರಾಜನನಿಗೆ ಕ್ರೈಸ್ತರ ವಿಚಾರಣೆಯ ಬಗ್ಗೆ ಬರೆದ ಪತ್ರದಲ್ಲಿ, ನಿಮ್ಮ ಮಂದಾತದ ಪ್ರಕಾರ ಸಂಘಗಳನ್ನು ನಿಷೇಧಿಸಿದ್ದೆ ಎನ್ನುತ್ತಾನೆ. ಜನ ಒಟ್ಟಿಗೆ ಸೇರಬಾರದೆಂಬ ನಿಷೇಧಾಜ್ಞೆ! ನಿಮ್ಮ ಸಭೆಯ ಮೇಲೆಯೇ ಬಿದ್ದ ಮಂದಾತ ಅದು. ಅದರಲ್ಲಿ ಗೆಳೆತನ ಎಲ್ಲಿದೆ, ತೋರಿಸಿ.

ತೇಜೋ ದಂಡೆ

ಗೆಳೆತನದ ಮಾತು ಲಿಸ್ಬನ್‌ನಲ್ಲಿ ನಡೆಯುವುದಿಲ್ಲ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಪೋರ್ಚುಗೀಸರ ಗಾದೆಯೇ ಇದೆ: ‘ಮಾಂದ ಕೆಂ ಪೋದೆ, ಒಬೆದೇಸೆ ಕೆಂ ದೇವೆ.’ ಮಂದಾರ್ ಮಾಡುವವನು ಬಲವುಳ್ಳವನು, ತಲೆಬಾಗುವವನು ತಲೆಬಾಗಬೇಕಾದವನು. ಊರ ಯಜಮಾನನಂತೆ ಮೆರೆಯುವವನಿಗೆ ‘ಮಾಂದಶುವ’ ಎನ್ನುತ್ತಾರೆ. ಮಳೆಗೂ ಅಪ್ಪಣೆ ಮಾಡುವವನು. ಮಳೆಯನ್ನು ಯಾರು ಯಾರ ಕೈಗೆ ಒಪ್ಪಿಸಿದ್ದಾರೆ?

ಇನ್ನೊಂದು ಬಳಕೆಯನ್ನು ಯಾರೂ ಹೇಳಲಿಲ್ಲ. ಮಂದಾರ್ ಮುಂದೆ ಇನ್ನೊಂದು ಕ್ರಿಯಾಪದ ಇಟ್ಟರೆ ಮಾಡಿಸುವುದು ಎಂದಾಗುತ್ತದೆ. ‘ಮಾಂದೇಯ್ ಫಜೇರ್ ಉಂ ವೆಸ್ತೀದೊ’ ಎಂದರೆ ಬಟ್ಟೆ ಹೊಲಿಸಿದೆ. ದರ್ಜಿಗೆ ನಾನು ದೊರೆಯೂ ಅಲ್ಲ, ಗೆಳತಿಯೂ ಅಲ್ಲ. ಅದೇ ವ್ಯಾಕರಣ ಬೇರೆ ಕಡೆ ರಕ್ತದ ವಾಸನೆ ಹೊಡೆಯುತ್ತದೆ. 2018ರ ಮಾರ್ಚ್ 14ರಂದು ರಿಯೊ ನಗರದ ಕೌನ್ಸಿಲರ್ ಮರಿಯೆಲಿ ಫ್ರಾಂಕೊ ಅವರನ್ನು ಗುಂಡಿಟ್ಟು ಕೊಂದರು. ಆಮೇಲೆ ವರ್ಷಗಟ್ಟಲೆ ಬ್ರೆಜಿಲ್‌ನ ಗೋಡೆಗಳ ಮೇಲೆ, ಅಂಗಿಗಳ ಮೇಲೆ ಕಂಡದ್ದು ಒಂದೇ ಪ್ರಶ್ನೆ: ‘ಕೆಂ ಮಾಂದೊ ಮತಾರ್ ಮರಿಯೆಲಿ?’ ಮರಿಯೆಲಿಯನ್ನು ಕೊಲ್ಲಿಸಿದವರು ಯಾರು? ಗುಂಡು ಹಾರಿಸಿದವನನ್ನಲ್ಲ, ಹಾರಿಸಿದವನ ಹಿಂದಿನ ಕೈಯನ್ನು ಜನ ಕೇಳುತ್ತಿದ್ದರು. ಕಳುಹಿಸುವುದು ಮಾತ್ರ ಎಂದು ನೀವು ಹೇಳಿದ ಇಟಾಲಿಯನ್‌ನಲ್ಲೂ ಕೊಲೆ ಮಾಡಿಸಿದವನಿಗೆ ‘ಮಂದಾಂತೆ’ ಎನ್ನುತ್ತಾರೆ. ನಂಬಿಕೆ, ಕೈ, ದಾನ ಎನ್ನುವ ಮೊದಲು ಇದನ್ನೂ ತೂಗಿ ನೋಡಿ.

ಹಳಗನ್ನಡ ಮೇಷ್ಟ್ರು

‘ಮಾಡಿಸುವುದು’ ಎಂದಿರಲ್ಲ ತಾಯಿ, ಅದನ್ನು ಅವರು ಎರಡು ಪದದಲ್ಲಿ ಹೇಳುತ್ತಾರೆ, ಕನ್ನಡ ಒಂದು ‘ಇಸು’ ಪ್ರತ್ಯಯದಲ್ಲಿ ಮುಗಿಸುತ್ತದೆ. ಹೊಲಿ, ಹೊಲಿಸು, ಕೊಲ್ಲು, ಕೊಲ್ಲಿಸು. ಕೆರೆ ಕಟ್ಟಿಸಿದನು, ದೇಗುಲ ಮಾಡಿಸಿದನು ಎಂದು ನಮ್ಮ ಶಾಸನಗಳಲ್ಲಿ ಬರುವಾಗ ಕಲ್ಲು ಹೊತ್ತವನು ಒಂದು ‘ಇಸು’ ಒಳಗೆ ಮರೆಯಾಗುತ್ತಾನೆ. ಆಳುವ ಪದದ ಬಗ್ಗೆ ಮಾತಾಡುವವರು ಕನ್ನಡದ ‘ಆಳು’ವನ್ನೂ ನೋಡಬೇಕು. ಆಳುವುದು ಒಡೆಯನ ಕೆಲಸ, ಆಳು ಎಂದರೆ ಸೇವಕ. ‘ಆಳಾಗಿ ದುಡಿ, ಅರಸಾಗಿ ಉಣ್ಣು.’ ಲ್ಯಾಟಿನ್ನಿನವರು ಎರಡು ಸಾವಿರ ವರ್ಷದಲ್ಲಿ ಸುತ್ತಿ ಬಂದ ದಾರಿಯನ್ನು ನಾವು ಎರಡು ಅಕ್ಷರದಲ್ಲಿ ಇಟ್ಟುಕೊಂಡಿದ್ದೇವೆ.

ಧಾತುಪಾಠ

ಮೇಷ್ಟ್ರೇ, ರೂಪ ಒಂದೇ ಎಂದ ಮಾತ್ರಕ್ಕೆ ಬೇರು ಒಂದೇ ಆಗಬೇಕಿಲ್ಲ. ಕ್ರಿಯಾಪದ ‘ಆಳ್’ ಮತ್ತು ನಾಮಪದ ‘ಆಳ್’ ಒಂದೇ ಎಂದು ಸಾಧಿಸಿ ತೋರಿಸದೆ ಸಾಕ್ಷಿಯಾಗಿ ತರಬೇಡಿ. ನಾನು ಭಾಷಾವಿಜ್ಞಾನದ ವಿದ್ಯಾರ್ಥಿನಿ.

ಮಂದಾರೆಯ ಎರಡನೆಯ ಅರ್ಧವೂ ಅಷ್ಟು ಸುಲಭವಲ್ಲ. ಲ್ಯಾಟಿನ್ನಿನ ಕ್ರೇದೆರೆ, ಅಂದರೆ ನಂಬುವುದು, ನಮ್ಮ ‘ಶ್ರದ್ಧಾ’ದ ಬಂಧು, ಅದರ ಕೊನೆಯಲ್ಲಿರುವುದು ಕೊಡುವ ‘ದಾ’ ಅಲ್ಲ, ಇಡುವ ‘ಧಾ’. ಮಂದಾರೆಯಲ್ಲಿರುವುದೂ ‘ಧಾ’ ಇರಬಹುದೆಂಬ ವಾದವಿದೆ. ಹಾಗಾದರೆ ಅದು ಕೈಗೆ ಕೊಟ್ಟದ್ದಲ್ಲ, ಕೈಯಲ್ಲಿ ಇಟ್ಟದ್ದು. ದಾನದ ಮಾತು ಅಷ್ಟಕ್ಕೆ ಸಡಿಲವಾಗುತ್ತದೆ.

ಆದರೆ ನಾಗಂದಿಗೆಯವರ ಪರವಾಗಿ ಯಾರೂ ಗಮನಿಸದ ಒಂದು ಸಾಕ್ಷಿ ಇದೆ. ರೊಮೇನಿಯನ್ ಕೂಡ ಲ್ಯಾಟಿನ್ನಿನ ಮಗಳೇ, ಆದರೆ ಅಲ್ಲಿ ಅಪ್ಪಣೆ ಮಾಡುವುದಕ್ಕಿರುವ ‘ಪೊರುಂಚಿ’ ಸ್ಲಾವಿಕ್‌ನಿಂದ ಬಂದ ಪದ. ದಶಾಜ್ಞೆಗಳು ಸ್ಪ್ಯಾನಿಶ್‌ನಲ್ಲಿ ‘ಮಂದಮಿಯೆಂತೊಸ್’ ಆದರೆ ರೊಮೇನಿಯನ್‌ನಲ್ಲಿ ‘ಪೊರುಂಚ್’. ಆ ಸ್ಲಾವಿಕ್ ಪದದ ಒಳಗಿರುವುದು ‘ರುಕಾ’, ಅಂದರೆ ಕೈ! ರಷ್ಯನ್‌ನಲ್ಲಿ ‘ಪೊರುಚಿತ್’ ಎಂದರೆ ಇಂದಿಗೂ ಕೆಲಸ ವಹಿಸುವುದು. ಲ್ಯಾಟಿನ್ನಿನ ಹಂಗಿಲ್ಲದೆಯೇ ಇನ್ನೊಂದು ಭಾಷಾಶಾಖೆ ಕೈಯಿಂದ ಒಪ್ಪಿಸುವುದಕ್ಕೆ, ಅಲ್ಲಿಂದ ಆಜ್ಞಾಪಿಸುವುದಕ್ಕೆ ಅದೇ ಹಾದಿಯಲ್ಲಿ ನಡೆದಿದೆ. ಸ್ಪೇನಿನ ಬಾರ್ಸಿಲೋನಾ ಕಡೆಯ ನುಡಿ ಕತಲಾನ್‌ನಲ್ಲಿ ಮಂದಾರೆ ಸವೆದು ‘ಮನಾರ್’ ಆಗಿ ಆಜ್ಞಾಪಿಸುವ ಅರ್ಥವನ್ನು ಉಳಿಸಿಕೊಂಡು, ಕಳುಹಿಸುವುದಕ್ಕೆ ‘ಎಂಬಿಯಾರ್’ ಬಳಸುತ್ತದೆ. ಪಕ್ಕದ ಇಟಾಲಿಯನ್ ಏಕೆ ಸರಿಯಾಗಿ ಇದರ ತಿರುಗುಮುರುಗು ಮಾಡಿತು? ಇದು ನನ್ನ ಪ್ರಶ್ನೆ.

ಗ್ವಾದಲಾಹಾರ ವಾಸಿ

ಎಲ್ಲರೂ ಪುಸ್ತಕ ಹಿಡಿದು ಕೂತಿದ್ದೀರಿ. ನಾನು ಮೆಕ್ಸಿಕೊದಲ್ಲಿ ಆರು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಲ್ಲಿ ಈ ಕ್ರಿಯಾಪದದ ಅತಿ ಮಧುರವಾದ ಬಳಕೆ ನಿಮಗೆ ಯಾರಿಗೂ ಗೊತ್ತಿಲ್ಲ. ತಾಯಿ ಮಗುವನ್ನು ಕರೆದರೆ ಮಗು ‘ಕೇ?’ ಎನ್ನುವಂತಿಲ್ಲ, ‘ಏನು?’ ಎಂದಂತಾಗುತ್ತದೆ, ಒರಟು. ‘ಮಾಂದೆ?’ ಎನ್ನಬೇಕು. ಅಪ್ಪಣೆಯಾಗಲಿ ಎಂದಂತೆ. ‘ಕೇ ಅನ್ನಬಾರದು, ಮಾಂದೆ ಅನ್ನಬೇಕು’ ಎಂದು ತಿದ್ದುವುದನ್ನು ಇಲ್ಲಿಯ ಪ್ರತಿ ಮನೆಯಲ್ಲೂ ಕೇಳಬಹುದು. ನಮ್ಮ ಅಮ್ಮ ‘ಆಂ ಅನ್ನಬೇಡ, ಏನಮ್ಮ ಅನ್ನು’ ಎಂದು ತಿದ್ದುತ್ತಿದ್ದ ಹಾಗೆಯೇ. ತರಕಾರಿ ಕೊಳ್ಳಲು ಹೊರಟರೆ ‘ಮಂದಾದೊ’ಗೆ ಹೋಗುತ್ತೇನೆ ಎನ್ನುತ್ತಾರೆ. ದರ್ಪವೂ ಇಲ್ಲ, ರಕ್ತವೂ ಇಲ್ಲ. ಶುದ್ಧ ಮರ್ಯಾದೆ.

ಮಂಡ್ಯದ ಮಣ್ಣು

‘ಶುದ್ಧ ಮರ್ಯಾದೆ’! ಸಾಫ್ಟ್‌ವೇರಿನವರೇ, ಆ ಮರ್ಯಾದೆ ಎಲ್ಲಿಂದ ಬಂತೆಂದು ಆರು ವರ್ಷದಲ್ಲಿ ಯಾರನ್ನಾದರೂ ಕೇಳಿದಿರಾ? ಅದು ವಸಾಹತಿನ ಗುಲಾಮಗಿರಿಯ ಪಳೆಯುಳಿಕೆ ಎಂದು ಮೆಕ್ಸಿಕೊದ ಜನರೇ ಎಷ್ಟೋ ಮಂದಿ ಹೇಳುತ್ತಾರೆ. ಒಡೆಯ ಕೂಗಿದಾಗ ಮೂಲನಿವಾಸಿ ಆಳು ಬೇರೆ ಮಾತು ಆಡುವಂತಿರಲಿಲ್ಲ: ಅಪ್ಪಣೆಯಾಗಲಿ ದೊರೆಯೇ.

ನಾಗಂದಿಗೆಯವರಿಗೂ ಇದರಲ್ಲೇ ಉತ್ತರವಿದೆ. ‘ಒಪ್ಪಿಸುವುದು’ ಎಂದು ಹಿಗ್ಗುತ್ತಿದ್ದೀರಿ. ಇದೇ ಪದಕ್ಕೆ ‘ಕೊಂ’ ಸೇರಿ ಕೊಮೆಂದಾರೆ ಆಯಿತು, ಅದರಿಂದ ಸ್ಪ್ಯಾನಿಶ್‌ನ ‘ಎಂಕೊಮಿಯೆಂದ’ ಬಂತು. ಏನದು? ಸ್ಪೇನಿನ ರಾಜ ಮೂಲನಿವಾಸಿಗಳನ್ನು ಊರೂರುಗಟ್ಟಲೆ ಒಬ್ಬೊಬ್ಬ ಸ್ಪೇನಿಯಾರ್ಡನ ಕೈಗೆ ಒಪ್ಪಿಸುವುದು. ಅವನು ಅವರನ್ನು ಕಾಯಬೇಕು, ಕ್ರೈಸ್ತರನ್ನಾಗಿ ಮಾಡಬೇಕು. ಅವರು ಅವನಿಗೆ ಕಪ್ಪ ಕೊಡಬೇಕು, ದುಡಿಯಬೇಕು. ಮೆಕ್ಸಿಕೊ ಗೆದ್ದ ಕೊರ್ತೇಸ್‌ನಿಗೆ 1529ರಲ್ಲಿ 23,000 ಪ್ರಜೆಗಳನ್ನು ಬರೆದುಕೊಟ್ಟರು. ಬಾರ್ತೊಲೊಮೆ ದೆ ಲಾಸ್ ಕಾಸಸ್ ಎಂಬ ಪಾದ್ರಿ ಇದರ ವಿರುದ್ಧ ಜೀವಮಾನವಿಡೀ ಹೋರಾಡಿದ. 1542ರಲ್ಲಿ ಹೊಸ ಕಾನೂನುಗಳು ಬಂದರೂ ಒಡೆಯರು ದಂಗೆಯೆದ್ದು ಅವುಗಳ ಹಲ್ಲು ಕಿತ್ತರು. ನಿಮ್ಮ ಕೈ, ನಿಮ್ಮ ನಂಬಿಕೆ, ನಿಮ್ಮ ದಾನ ಎಲ್ಲವೂ ಇಲ್ಲಿದೆ. ಒಪ್ಪಿಸಿದ್ದು ಮಾತ್ರ ಮನುಷ್ಯರನ್ನು.

ಗ್ವಾದಲಾಹಾರ ವಾಸಿ

‘ಯಾರನ್ನಾದರೂ ಕೇಳಿದಿರಾ’ ಎಂದರೆ, ಕೇಳಿದ್ದೇನೆ. ಸ್ಪೇನಿನ ಹಳ್ಳಿಗಳಲ್ಲೂ ಹಿರಿಯರು ‘ಮಾಂದೆ?’ ಎನ್ನುವುದುಂಟು. ಅಲ್ಲಿ ಯಾರನ್ನು ಯಾರು ವಸಾಹತು ಮಾಡಿದ್ದರು? ಇಡೀ ಸ್ಪ್ಯಾನಿಶ್ ಸಮಾಜದ ಹಳೆಯ ಸೌಜನ್ಯದ ಮಾತು ಅದು. ಸ್ಪೇನಿನ ಪೇಟೆಗಳು ಬಿಟ್ಟವು, ಮೆಕ್ಸಿಕೊ ಉಳಿಸಿಕೊಂಡಿತು. ಗುಲಾಮಗಿರಿಯ ಕಥೆ ಕೇಳಲು ರೋಮಾಂಚಕ, ಆದರೆ ಕಥೆ.

ಮಂಡ್ಯದ ಮಣ್ಣು

ಸ್ಪೇನಿನ ಹಳ್ಳಿಗಳಲ್ಲಿ ಜಮೀನುದಾರರೂ ಜೀತದಂತೆ ದುಡಿದ ಕೂಲಿಗಳೂ ಇರಲಿಲ್ಲವೇ? ಹಳ್ಳಿಯಲ್ಲಿ ಉಳಿದಿದೆ ಎಂದರೆ ನನ್ನ ವಾದವೇ ಗಟ್ಟಿಯಾಯಿತು.

ಹಳಗನ್ನಡ ಮೇಷ್ಟ್ರು

ಸೌಜನ್ಯದ ಮಾತಿನ ಬಗ್ಗೆ ಒಂದು ಮಾತು. ‘ಅಪ್ಪಣೆ ಕೊಡಿ, ಹೊರಡುತ್ತೇನೆ’ ಎಂದು ನಾನು ಇಂದಿಗೂ ಹಿರಿಯರಿಗೆ ಹೇಳುತ್ತೇನೆ. ಅಪ್ಪಣೆಯೆಂದರೆ ಆಜ್ಞೆಯೂ ಹೌದು, ಅನುಮತಿಯೂ ಹೌದು. ಮೂವತ್ತೆಂಟು ವರ್ಷ ರಜೆ ಅರ್ಜಿ ಓದಿದ್ದೇನೆ. ಎಲ್ಲದರ ಕೊನೆಯಲ್ಲೂ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’. ಆ ಹುಡುಗರಲ್ಲಿ ವಿಧೇಯರು ಎಷ್ಟಿದ್ದರೆಂದು ನನಗೆ ಗೊತ್ತು. ಪದದ ಅರ್ಥ ಸವೆದು ರೂಢಿ ಮಾತ್ರ ಉಳಿಯುತ್ತದೆ. ಸವೆದ ನಾಣ್ಯದ ಮೇಲೆ ರಾಜನ ಮುಖ ಹುಡುಕುವುದು ವ್ಯರ್ಥ.

ಮಂಡ್ಯದ ಮಣ್ಣು

‘ಸವೆದ ನಾಣ್ಯ’. ಮೇಷ್ಟ್ರೇ, ಆ ನಾಣ್ಯ ನಿಮ್ಮ ಕೈಯಲ್ಲಿ ಸವೆದಿರಬಹುದು. ನಮ್ಮ ತಾತನ ಕೈಯಲ್ಲಿ ಸವೆದಿರಲಿಲ್ಲ.

ನಮ್ಮ ತಾತ ಗೇಣಿದಾರ. ಜಮೀನಿನ ಒಡೆಯರ ಮನೆ ಮುಂದೆ ಹೋಗುವಾಗ ಬೇಲಿಯ ಹತ್ತಿರವೇ ಚಪ್ಪಲಿ ಬಿಡುತ್ತಿದ್ದರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಳಗಿನಿಂದ ಹೆಸರು ಹಿಡಿದು ಕೂಗಿದರೆ ಇವರು ಅನ್ನುತ್ತಿದ್ದುದು ಒಂದೇ ಮಾತು: ‘ಬುದ್ಧಿ’. ಒಡೆಯರ ಮಗನಿಗೆ ಆಗ ಹತ್ತು ವರ್ಷ, ಅವನಿಗೂ ‘ಬುದ್ಧಿ’. 1974ರ ಭೂಸುಧಾರಣೆಯಲ್ಲಿ ಫಾರಂ ನಂಬರ್ 7 ತುಂಬಿ, ಭೂನ್ಯಾಯ ಮಂಡಳಿಗೆ ಅಲೆದು, ಕೊನೆಗೆ ಎರಡು ಎಕರೆ ಅವರ ಹೆಸರಿಗೆ ಆಯಿತು. ಪಹಣಿಯಲ್ಲಿ ಹೆಸರು ಬಂದ ಮೇಲೂ ದಾರಿಯಲ್ಲಿ ಆ ಮನೆಯವರು ಎದುರಾದರೆ ಟವೆಲ್ ತಾನಾಗಿಯೇ ಕಂಕುಳಿಗೆ ಇಳಿಯುತ್ತಿತ್ತು, ಬಾಯಿಂದ ‘ಬುದ್ಧಿ’ ಬರುತ್ತಿತ್ತು. ನಾನು ಆರು ವರ್ಷದವನಿದ್ದಾಗ ಕಣ್ಣಾರೆ ಕಂಡಿದ್ದೇನೆ. ರೂಢಿ ಎನ್ನುತ್ತೀರಾ ಇದಕ್ಕೆ?

ಗ್ವಾದಲಾಹಾರ ವಾಸಿ

‘ಎರಡು ಎಕರೆ ಅವರ ಹೆಸರಿಗೆ ಆಯಿತು’, ಆಮೇಲೂ ಆ ಮಾತು ಬಂತು ಎಂದು ನೀವೇ ಬರೆದಿದ್ದೀರಿ. ಅಂದರೆ ಯಜಮಾನಿಕೆ ಹೋಯಿತು, ಪದ ಉಳಿಯಿತು. ನಾನು ಹೇಳುತ್ತಿರುವುದೂ ಅದನ್ನೇ. ಮಠಗಳಲ್ಲಿ ಭಕ್ತರು ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಕರೆಯುತ್ತಾರೆ. ಆ ಭಕ್ತರೆಲ್ಲ ಜೀತದಾಳುಗಳೇ?

ಮಂಡ್ಯದ ಮಣ್ಣು

ಪದ ಉಳಿದದ್ದು ತಾತನ ಬಾಯಲ್ಲಿ. ನಮ್ಮಪ್ಪ ಆ ಪದವನ್ನು ಒಂದು ದಿನವೂ ಆಡಲಿಲ್ಲ. ಆಡದೆ ಇದ್ದುದಕ್ಕೆ ಆ ಊರಿನಲ್ಲಿ ಸೊಕ್ಕಿನವನು ಎನ್ನಿಸಿಕೊಂಡರು. ಬರೀ ಸೌಜನ್ಯದ ಮಾತಾಗಿದ್ದರೆ ಬಿಟ್ಟವನಿಗೆ ಆ ಹೆಸರು ಏಕೆ ಬರಬೇಕಿತ್ತು? ಮಠದ ಮಾತನ್ನು ಮುಂದಿಟ್ಟು ಜಮೀನಿನ ಮಾತನ್ನು ಮುಚ್ಚಬೇಡಿ. ಗುರುವಿಗೆ ಅನ್ನುವವನು ಮನಸ್ಸು ಬಂದು ಅನ್ನುತ್ತಾನೆ. ನಿಮ್ಮಂಥವರಿಗೆ ಪರದೇಶದಲ್ಲಿ ಎಲ್ಲವೂ ಸಂಸ್ಕೃತಿಯಾಗಿ ಕಾಣುತ್ತದೆ, ಏಕೆಂದರೆ ನಿಮ್ಮನ್ನು ಯಾರೂ ಬೇಲಿಯ ಹೊರಗೆ ನಿಲ್ಲಿಸಿಲ್ಲ.

ಗ್ವಾದಲಾಹಾರ ವಾಸಿ

ನನ್ನನ್ನು ಎಲ್ಲಿ ನಿಲ್ಲಿಸಿದ್ದಾರೆಂದು ನಿಮಗೆ ಗೊತ್ತಿಲ್ಲ. ನನ್ನ ಅಜ್ಜಿ ಯಾರ ಹೊಲದಲ್ಲಿ ಕಳೆ ಕಿತ್ತವಳೆಂದೂ ಗೊತ್ತಿಲ್ಲ. ‘ನಿಮ್ಮಂಥವರು’ ಎಂಬ ಮಾತನ್ನು ಹಿಂತೆಗೆದುಕೊಳ್ಳಿ.

ಮಂಡ್ಯದ ಮಣ್ಣು

ಹಿಂತೆಗೆದುಕೊಳ್ಳುವುದಿಲ್ಲ. ಕಳೆ ಕಿತ್ತವರ ಮೊಮ್ಮಗನಾಗಿ ‘ಶುದ್ಧ ಮರ್ಯಾದೆ’ ಎಂದು ಬರೆದಿರಲ್ಲ, ನನಗೆ ಇನ್ನೂ ಹೆಚ್ಚು ನೋವಾಗುತ್ತದೆ.

ನಿರ್ವಾಹಕರು

ವೈಯಕ್ತಿಕ ಮಾತುಗಳನ್ನು ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು. ವಿಷಯ ಲ್ಯಾಟಿನ್ ಮೂಲದ ಕ್ರಿಯಾಪದ. ಮುಂದಿನ ಬಾರಿ ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗುವುದು.

ಕೊಡಿಯಾಲ್‌ಬೈಲ್

ವಿಷಯಕ್ಕೆ ಬರೋಣ. ಮಣ್ಣಿನವರು ‘ಹೋರಾಡಿದ ಪಾದ್ರಿ’ ಎಂದರು. ಹೌದು, ಲಾಸ್ ಕಾಸಸ್ ದೊಮಿನಿಕನ್ ಸಂನ್ಯಾಸಿ. ಮಂದಾತುಂ ನೋವುಂ ಓದಿದವನು ಆದ್ದರಿಂದಲೇ ಎಂಕೊಮಿಯೆಂದದ ವಿರುದ್ಧ ನಿಂತ. ಪದದ ಒಳ್ಳೆಯ ಅರ್ಥವೇ ಕೆಟ್ಟ ಅರ್ಥದ ಮೇಲೆ ಬಿದ್ದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಮಂಡ್ಯದ ಮಣ್ಣು

ಆ ಪಾದ್ರಿಯೇ ಮೊದಲು ಸ್ವತಃ ಎಂಕೊಮೆಂದೆರೊ, ಅಂದರೆ ಎಂಕೊಮಿಯೆಂದ ಪಡೆದ ಒಡೆಯ ಆಗಿದ್ದ, 1514ರಲ್ಲಿ ಮನಸ್ಸು ತಿರುಗಿ ಬಿಟ್ಟ ಎಂಬುದನ್ನು ಏಕೆ ಬಿಟ್ಟಿರಿ? ಸುವಾರ್ತೆ ಅದಕ್ಕೂ ಮೊದಲೇ ಅವನ ಕೈಯಲ್ಲಿತ್ತು.

ಕೊಡಿಯಾಲ್‌ಬೈಲ್

ಬಿಟ್ಟನಲ್ಲ! ಬಿಟ್ಟದ್ದೇ ಮುಖ್ಯ.

ತೇಜೋ ದಂಡೆ

‘ಬಿಟ್ಟದ್ದೇ ಮುಖ್ಯ’ ಎಂಬ ಮಾತು ಲಾಸ್ ಕಾಸಸ್‌ನ ಬಾಯಲ್ಲಿ ಚೆಂದ. ಮೂಲನಿವಾಸಿಗಳ ಹೊರೆ ಇಳಿಸಲು ಆಫ್ರಿಕಾದ ಗುಲಾಮರನ್ನು ತರಿಸಿ ಎಂದು ಒಂದು ಕಾಲಕ್ಕೆ ಸಲಹೆ ಕೊಟ್ಟವನೂ ಅವನೇ. ಮುಂದೆ ಅದಕ್ಕಾಗಿ ಪಶ್ಚಾತ್ತಾಪ ಪಟ್ಟ, ನಿಜ. ಆದರೆ ಆ ಗುಲಾಮರನ್ನು ಹಡಗಿಗೆ ತುಂಬಿದವರಲ್ಲಿ ಮುಂದಿದ್ದವರು ನಾನಿರುವ ಈ ಊರಿನವರು. ನದಿಯ ದಂಡೆಯಲ್ಲಿ ನಡೆಯುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ದಯವಿಟ್ಟು ಒಬ್ಬ ಸಂತನನ್ನು ಮುಂದೆ ನಿಲ್ಲಿಸಿ ಪದದ ಲೆಕ್ಕ ಚುಕ್ತಾ ಮಾಡಬೇಡಿ.

ನಾಗಂದಿಗೆ

ನಾನು ಕೇಳಿದ್ದು ಪದದ ಹುಟ್ಟನ್ನು, ಎಲ್ಲರೂ ಹೇಳುತ್ತಿರುವುದು ಅದರ ನಡತೆಯನ್ನು. ಮಗ ಕೆಟ್ಟರೆ ಹೆರಿಗೆಯ ಕೋಣೆಯನ್ನು ಬೈಯುತ್ತಾರೆಯೇ?

ಮಣ್ಣಿನವರು ಮೆಕ್ಸಿಕೊವನ್ನೇ ತಂದದ್ದರಿಂದ ಮೆಕ್ಸಿಕೊದಿಂದಲೇ ಉತ್ತರ. 1994ರ ಜನವರಿ 1ರಂದು ಚಿಯಾಪಸ್‌ನಲ್ಲಿ ಬಂಡೆದ್ದ ಜಪಾತಿಸ್ತರು ಹೆಚ್ಚಾಗಿ ಮಾಯಾ ಜನ, ಎಂಕೊಮಿಯೆಂದದ ಹೊರೆ ಹೊತ್ತವರ ಮೊಮ್ಮಕ್ಕಳು. ಅವರ ಹಳ್ಳಿಗಳ ದಾರಿಯಲ್ಲಿ ನೆಟ್ಟ ಫಲಕಗಳ ಮೇಲಿನ ಮಾತು: ‘ಆಕಿ ಮಾಂದ ಎಲ್ ಪುಎಬ್ಲೊ ಇ ಎಲ್ ಗೊಬಿಎರ್ನೊ ಒಬೆದೇಸೆ.’ ಇಲ್ಲಿ ಅಪ್ಪಣೆ ಮಾಡುವುದು ಜನ, ಪಾಲಿಸುವುದು ಸರ್ಕಾರ. ಅವರ ತತ್ವದ ಹೆಸರೇ ‘ಮಂದಾರ್ ಒಬೆದೆಸಿಯೆಂದೊ’, ವಿಧೇಯನಾಗಿದ್ದುಕೊಂಡು ಆಳುವುದು. ಪದ ಅಷ್ಟು ಹೊಲಸಾಗಿದ್ದರೆ ಅವರು ಅದನ್ನು ಎಸೆಯಬಹುದಿತ್ತು. ಎಸೆಯಲಿಲ್ಲ. ಆಳುವವನ ಕೈಯಲ್ಲಿರುವುದು ಊರು ಒಪ್ಪಿಸಿದ ಕೆಲಸ ಎಂಬ ಅರ್ಥಕ್ಕೇ ಅದನ್ನು ಮರಳಿ ತಂದರು. ರೋಮನ್ ಮಂದಾತುಂ ಇದಲ್ಲದೆ ಇನ್ನೇನು?

ಮಂಡ್ಯದ ಮಣ್ಣು

‘ಮರಳಿ ತಂದರು’ ಅಲ್ಲ. ಕಸಿದುಕೊಂಡರು. ಬಂದೂಕು ಹಿಡಿದು ಕಸಿದುಕೊಂಡರು. ಕೈಗೆ ಯಾರೂ ಇಡಲಿಲ್ಲ.

ಧಾರವಾಡದ ಕರಿಕೋಟು

‘ಅಪ್ಪಣೆ ಮಾಡುವುದು ಜನ’ ಎಂದು ನೀವೇ ಅನುವಾದಿಸಿದಿರಿ ನಾಗಂದಿಗೆಯವರೇ. ಒಪ್ಪಿಸುವುದು ಎನ್ನಲಿಲ್ಲ. ಕೊಡಿಯಾಲ್‌ಬೈಲಿನವರು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ. ಎಲ್ಲಿ ಹೋದರೂ ಈ ಪದ ಕನ್ನಡಕ್ಕೆ ಬರುವಾಗ ಆಜ್ಞೆಯಾಗಿಯೇ ಬರುತ್ತದೆ. ಪ್ಲಿನಿಯ ಪತ್ರಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಕೊಡಿಯಾಲ್‌ಬೈಲ್

ಪೌಲುಸ್‌ಗೆ ನೀವು ಉತ್ತರಿಸಿದ ದಿನ ಪ್ಲಿನಿಗೆ ನಾನು ಉತ್ತರಿಸುತ್ತೇನೆ.

ಗ್ವಾದಲಾಹಾರ ವಾಸಿ

ನಿನ್ನೆ ರಾತ್ರಿ ಸಿಟ್ಟಿನಲ್ಲಿ ನಿದ್ರೆ ಬರಲಿಲ್ಲ. ಬೆಳಿಗ್ಗೆ ನಾನು ಬಾಡಿಗೆಗಿರುವ ಮನೆಯ ಒಡತಿಯನ್ನು ನೇರವಾಗಿ ಕೇಳಿದೆ. ಅವರಿಗೆ ಎಪ್ಪತ್ತರ ಹತ್ತಿರ. ಕೊತ್ತಂಬರಿ ಸೋಸುತ್ತಿದ್ದರು. ‘ಮಾಂದೆ ಅನ್ನುವುದು ಗುಲಾಮರ ಮಾತಂತೆ, ನಿಜವೇ?’ ಎಂದೆ. ಅವರು ಕಿವಿ ಸ್ವಲ್ಪ ಮಂದ, ತಲೆಯೆತ್ತಿ ‘ಮಾಂದೆ?’ ಎಂದರು. ಮತ್ತೊಮ್ಮೆ ಹೇಳಿದೆ. ‘ನಮ್ಮಮ್ಮನಿಗೆ ಬೇರೆ ಏನು ಅನ್ನಲಿಕ್ಕಾಗುತ್ತದೆ?’ ಎಂದು ಕೊತ್ತಂಬರಿಗೆ ಮರಳಿದರು. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಂಡ್ಯದ ಮಣ್ಣು

‘ನಮ್ಮಮ್ಮನಿಗೆ’. ಸರಿ. ಆ ಮನೆಯಲ್ಲಿ ಕೆಲಸಕ್ಕೆ ಬರುವವರು ಇದ್ದಾರೆಯೇ? ಕೆಲಸದವಳು ಕರೆದಾಗ ಒಡತಿ ‘ಮಾಂದೆ?’ ಎನ್ನುತ್ತಾರೆಯೇ?

ಗ್ವಾದಲಾಹಾರ ವಾಸಿ

ವಾರಕ್ಕೆ ಮೂರು ದಿನ ಒಬ್ಬರು ಬರುತ್ತಾರೆ. ಒಡತಿ ಅವರಿಗೆ ‘ಮಾಂದೆ’ ಎಂದದ್ದನ್ನು ನಾನು ಕೇಳಿಲ್ಲ. ನಾನಿರುವಾಗ ಕೇಳಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ, ಅನ್ನುವುದಿಲ್ಲ ಎಂದಲ್ಲ. ಆದರೆ ನನಗೆ ಅನ್ನುತ್ತಾರೆ. ನಾನು ಅವರ ಒಡೆಯನಲ್ಲ.

ಮಂಡ್ಯದ ಮಣ್ಣು

ನೀವು ಬಾಡಿಗೆ ಕೊಡುವವರು.

ಧಾತುಪಾಠ

ಕತಲಾನ್ ಮತ್ತು ಇಟಾಲಿಯನ್ ಬಗ್ಗೆ ಕೇಳಿದ ಪ್ರಶ್ನೆಗೆ ಈವರೆಗೆ ಒಬ್ಬರೂ ಉತ್ತರಿಸಿಲ್ಲ. ಲ್ಯಾಟಿನ್ ಕಳುಹಿಸುವುದಕ್ಕೆ ಬಳಸುತ್ತಿದ್ದ ‘ಮಿತ್ತೆರೆ’ ಈ ನುಡಿಗಳಲ್ಲಿ ಇಡುವ, ಹಾಕುವ ಅರ್ಥಕ್ಕೆ ಸರಿಯಿತು: ಇಟಾಲಿಯನ್‌ನಲ್ಲಿ ‘ಮೆತ್ತೆರೆ’, ಫ್ರೆಂಚಿನಲ್ಲಿ ‘ಮೆತ್ರ್’, ಸ್ಪ್ಯಾನಿಶ್‌ನಲ್ಲಿ ಒಳಗೆ ತುರುಕುವ ‘ಮೆತೇರ್’. ಕಳುಹಿಸುವ ಜಾಗ ಖಾಲಿಯಾಯಿತು, ಅಲ್ಲಿಗೆ ಇಟಾಲಿಯನ್ ಮಂದಾರೆಯನ್ನು ಕೂರಿಸಿತು, ಕತಲಾನ್ ಇನ್ನೊಂದನ್ನು ಕೂರಿಸಿತು ಎಂಬುದು ನನ್ನ ಊಹೆ. ಇದನ್ನು ಒಪ್ಪುವವರೋ ಅಲ್ಲಗಳೆಯುವವರೋ ಯಾರಾದರೂ ಇದ್ದರೆ ಬರೆಯಿರಿ.

ಹಳಗನ್ನಡ ಮೇಷ್ಟ್ರು

‘ಇಡುವ’ ಎಂದಿರಿ. ಮೊದಲು ‘ಆಳು’ ವಿಷಯ ಇತ್ಯರ್ಥವಾಗಲಿ ಮಗಳೇ. ಎರಡೂ ‘ಆಳ್’ ಬೇರೆ ಬೇರೆ ಎಂದು ನೀನಾದರೂ ಎಲ್ಲಿ ಸಾಧಿಸಿದೆ?